ಬಡಗಣ ನಾಡುಗಳಲ್ಲಿ ಭಂಗಿಯ ಬೇಸಾಯ: ಹಗಲಿನ ಅಳತೆ ಮತ್ತು ಹೆಸರಿನ ಗೊಂದಲ

ಪ್ರಾಚೀನ ಗ್ರಂಥಗಳ ಇಂಗ್ಲಿಷ್ ಅನುವಾದಗಳನ್ನೂ ಬ್ರಿಟಿಷ್ ಆಡಳಿತಕಾಲದ ಕಾಗದಪತ್ರಗಳನ್ನೂ ಒಟ್ಟಿಗೆ ಬಳಸುವ ಸಂಶೋಧಕರಿಗೆ ‘ಹೆಂಪ್’ ಎಂಬ ಪದ ಮೇಲಿಂದ ಮೇಲೆ ಎದುರಾಗುತ್ತದೆ. ಅದಕ್ಕೆ ‘ಸೆಣಬು’ ಎಂದು ಅರ್ಥ ಹಚ್ಚಿ ಮುಂದೆ ಸಾಗುವುದು ನಮ್ಮಲ್ಲಿ ವಾಡಿಕೆಯಾಗಿದೆ. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಕ್ಷತ್ರಿಯನ ಉಪವೀತವು ‘ಶಣ’ದ ನೂಲಿನದಾಗಿರಬೇಕೆಂಬ ವಿಧಿಯಿದೆ. 1886ರಲ್ಲಿ ಪ್ರಕಟವಾದ ಬ್ಯೂಲರ್ ಅವರ ಅನುವಾದದಲ್ಲಿ ಅದು ಹೆಂಪಿನ ನೂಲಾಯಿತು. ಆದರೆ ಶಣವೆಂದರೆ ಸಾಮಾನ್ಯವಾಗಿ ನಮ್ಮ ಸೀಮೆಯ ಸೆಣಬು; ಹಳದಿ ಹೂ ಬಿಡುವ, ಅವರೆ-ತೊಗರಿಗಳ ಕುಲಕ್ಕೆ ಸೇರಿದ ಗಿಡ. ಯುರೋಪಿನವರ ಹೆಂಪಾದರೋ ನಾವು ಭಂಗಿ ಅಥವಾ ಗಾಂಜಾ ಎಂದು ಕರೆಯುವ ಗಿಡ. ಇವೆರಡಕ್ಕೂ ನಾರೊಂದನ್ನು ಬಿಟ್ಟರೆ ಬೇರೆ ನಂಟಿಲ್ಲ.

ಹಾಗಾದರೆ ಇಂಗ್ಲಿಷರಿಗೆ ಈ ಗಿಡವೆಂದೊಡನೆ ಹಗ್ಗ ನೆನಪಾದುದೇಕೆ, ನಮಗೆ ಅಮಲು ನೆನಪಾದುದೇಕೆ? ಮನುಷ್ಯನ ಆಯ್ಕೆ ಇದಕ್ಕೆ ಒಂದು ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಎರಡನೆಯ ಕಾರಣ ಹಗಲಿನ ಅಳತೆ. ಇದನ್ನು ಇತಿಹಾಸಕಾರರು ಅಷ್ಟಾಗಿ ಗಮನಿಸಿದಂತಿಲ್ಲ. ಬೇಸಗೆ ಕಿರಿದಾಗಿರುವ ಉತ್ತರದ ನಾಡುಗಳಲ್ಲಿ ಈ ಗಿಡ ಹೇಗೆ ನೆಲೆಯೂರಿತು, ಬಯಲಿನಲ್ಲಿಯೂ ಗಾಜಿನ ಮನೆಯಲ್ಲಿಯೂ ಅದನ್ನು ಬೆಳೆಸಿದವರು ಏನನ್ನು ಕಂಡುಕೊಂಡರು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸುತ್ತೇವೆ. ಕೃಷಿವಿಜ್ಞಾನ ನಮ್ಮ ಕ್ಷೇತ್ರವಲ್ಲ. ಒಂದು ಪದದ ಬೆನ್ನು ಹತ್ತಿ ಹೋದಾಗ ಅದು ನಮ್ಮನ್ನು ವೋಲ್ಗಾ ನದಿಯ ದಂಡೆಗೂ ಒಟ್ಟಾವಾದ ಹೊಲಗಳಿಗೂ ಕರೆದೊಯ್ದಿತು, ಅಷ್ಟೆ.

ಭಂಗಿಯು ಹೂಬಿಡುವ ಕಾಲವನ್ನು ತನ್ನ ವಯಸ್ಸಿನಿಂದಲ್ಲದೆ ರಾತ್ರಿಯ ದೀರ್ಘತೆಯಿಂದ ನಿರ್ಣಯಿಸಿಕೊಳ್ಳುವ ಗಿಡ. ಹಗಲು ಒಂದು ಮಿತಿಗಿಂತ ಕಿರಿದಾಗಿ ಇರುಳು ಹಿರಿದಾದಾಗ ಮಾತ್ರ ಅದು ಎಲೆ ಬೆಳೆಸುವುದನ್ನು ಬಿಟ್ಟು ಹೂವಿನತ್ತ ಹೊರಳುತ್ತದೆ. ಆ ಮಿತಿ ತಳಿಯಿಂದ ತಳಿಗೆ ಬೇರೆ. ಸ್ಥೂಲವಾಗಿ 12ರಿಂದ 14 ಗಂಟೆಗಳ ಹಗಲು ಎನ್ನಬಹುದು. ಬೆಂಗಳೂರು, ಚೆನ್ನೈಗಳಲ್ಲಿ ವರ್ಷದ ಅತಿ ದೀರ್ಘ ಹಗಲು 13 ಗಂಟೆಯನ್ನು ಮುಟ್ಟುವುದಿಲ್ಲ; ಅತಿ ಕಿರಿಯ ಹಗಲಿಗೂ ಅದಕ್ಕೂ ಒಂದೂವರೆ ಗಂಟೆಯಷ್ಟು ಅಂತರ. ದೆಹಲಿಯಲ್ಲಿರುವ ನಮ್ಮ ಓದುಗರು ಜೂನ್ ತಿಂಗಳಲ್ಲಿ ಸುಮಾರು 14 ಗಂಟೆಗಳ ಹಗಲನ್ನು ಕಾಣುತ್ತಾರೆ. ಒಟ್ಟಾವಾದಲ್ಲಿ ಅದು ಹದಿನೈದೂವರೆ ಗಂಟೆಯನ್ನು ಮೀರುತ್ತದೆ. 60ನೆಯ ಅಕ್ಷಾಂಶದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ 19 ಗಂಟೆಯ ಹತ್ತಿರ ಬರುತ್ತದೆ.

ಉತ್ತರದ ಬೇಸಾಯಗಾರನ ಸಂಕಟವಿರುವುದು ಇಲ್ಲಿಯೇ. ಉತ್ತರಕ್ಕೆ ಹೋದಷ್ಟೂ ಹಗಲು 14 ಗಂಟೆಗೆ ಇಳಿಯುವುದು ತಡವಾಗುತ್ತದೆ. ಒಟ್ಟಾವಾದಲ್ಲಿ ಅದು ಆಗಸ್ಟ್ ನಡುವಿನಲ್ಲಿ, ಪೀಟರ್ಸ್‌ಬರ್ಗಿನಲ್ಲಿ ಸೆಪ್ಟೆಂಬರ್ ಆರಂಭದಲ್ಲಿ. ಅದೇ ವೇಳೆಗೆ, ಉತ್ತರಕ್ಕೆ ಹೋದಷ್ಟೂ ಮೊದಲ ಹಿಮ ಬೀಳುವ ದಿನ ಮುಂಚೆಯೇ ಬರುತ್ತದೆ. ಹೂಬಿಡುವ ಅಪ್ಪಣೆ ತಡವಾಗಿ ಬರುತ್ತದೆ, ಗಿಡದ ಮರಣ ಬೇಗನೆ ಬರುತ್ತದೆ. ದಕ್ಷಿಣಭಾರತದ ಬೀಜವನ್ನು ಅಲ್ಲಿ ಬಿತ್ತಿದರೆ ಅದು ಬೇಸಗೆಯುದ್ದಕ್ಕೂ ಆಳೆತ್ತರ ಬೆಳೆದು, ಹೂವಿನ ಸುಳಿವು ಕಾಣುವ ಮೊದಲೇ ಹಿಮಕ್ಕೆ ಸಿಕ್ಕಿ ಕಪ್ಪಾಗುತ್ತದೆ. ಹಿಮದಿಂದ ಪಾರಾದರೂ ಶರತ್ಕಾಲದ ತೇವದಲ್ಲಿ ಹೂಗೊಂಚಲಿಗೆ ಬೂಷ್ಟು ಹಿಡಿಯುವ ಭಯ ಇದ್ದೇ ಇದೆ.

ರಷ್ಯಾ ಮತ್ತು ಬಾಲ್ಟಿಕ್ ಪ್ರದೇಶದ ರೈತರು ಇದಕ್ಕೆ ಶತಮಾನಗಳ ಹಿಂದೆಯೇ ಪರಿಹಾರ ಕಂಡುಕೊಂಡಿದ್ದರು. ಯಾರೂ ಅದನ್ನು ಶಾಸ್ತ್ರವೆಂದು ಬರೆದಿಡಲಿಲ್ಲ. ತಡವಾಗಿ ಹೂಬಿಡುವ ಗಿಡ ಬೀಜ ಬಿಡದೆ ಸಾಯುತ್ತದೆ. ಬೇಗ ಹೂಬಿಟ್ಟುದು ಮಾತ್ರ ಮರುವರ್ಷದ ಬಿತ್ತನೆಗೆ ಉಳಿಯುತ್ತದೆ. ಹೀಗೆ ಹಿಮವೇ ತಳಿಗಾರನಾಗಿ ಕೆಲಸ ಮಾಡಿತು. ರಷ್ಯಾದ ಬೇಸಾಯಗ್ರಂಥಗಳು ಈ ಬೆಳೆಯನ್ನು ಉತ್ತರದ, ಮಧ್ಯದ, ದಕ್ಷಿಣದ ಬಗೆಗಳೆಂದು ವಿಂಗಡಿಸುತ್ತವೆ: ಉತ್ತರದ್ದು ಗಿಡ್ಡ, ಬೇಗ ಮಾಗುವಂಥದು, ದಕ್ಷಿಣದ್ದು ಎತ್ತರ, ತಡವಾಗಿ ಮಾಗುವಂಥದು. ಇದರಲ್ಲೊಂದು ಸ್ವಾರಸ್ಯವಿದೆ. ದಕ್ಷಿಣದ ಬೀಜವನ್ನು ಉತ್ತರಕ್ಕೆ ತಂದು ಬಿತ್ತಿದರೆ ಬೀಜ ಸಿಗಲಾರದು, ಆದರೆ ಹೂವಿಗೆ ಹೊರಳದೆ ಬೆಳೆಯುತ್ತಲೇ ಹೋಗುವುದರಿಂದ ನಾರು ಹೆಚ್ಚು ಸಿಗುತ್ತದೆ. ನಾರು ಬೇಕಾದವನಿಗೊಂದು ಬೀಜ, ಎಣ್ಣೆ ಬೇಕಾದವನಿಗೊಂದು ಬೀಜ. ಗಂಡುಗಿಡಕ್ಕೆ ‘ಪೊಸ್ಕೊನ್’, ಹೆಣ್ಣುಗಿಡಕ್ಕೆ ‘ಮಾತ್ಯೋರ್ಕಾ’ ಎಂದು ಅವರಲ್ಲಿ ಬೇರೆಬೇರೆ ಹೆಸರುಗಳೇ ಇದ್ದವು. ಗಂಡನ್ನು ಮೊದಲೇ ಕಿತ್ತು ನವಿರಾದ ನಾರು ತೆಗೆಯುತ್ತಿದ್ದರು. ಹೆಣ್ಣನ್ನು ಬೀಜ ಬಲಿಯುವ ತನಕ ಹೊಲದಲ್ಲಿ ಬಿಡುತ್ತಿದ್ದರು. ಬೆಣ್ಣೆ ನಿಷಿದ್ಧವಾಗಿದ್ದ ಕ್ರೈಸ್ತ ಉಪವಾಸದ ದಿನಗಳಲ್ಲಿ ಆ ಬೀಜದ ಎಣ್ಣೆಯೇ ರಷ್ಯದ ಬಡವನ ಅಡುಗೆಗೆ ಆಧಾರ. ಭಂಗಿಯ ಬೀಜದೆಣ್ಣೆಯಲ್ಲಿ ಉಪವಾಸದ ಅಡುಗೆಯೆಂದರೆ ನಮ್ಮವರಿಗೆ ಸೋಜಿಗವೆನಿಸಬಹುದು. ಬೀಜದಲ್ಲಿ ಅಮಲಿನ ಅಂಶ ಇಲ್ಲವೆಂಬಷ್ಟು ಕಡಮೆ ಎಂಬುದನ್ನು ನೆನಪಿಡಬೇಕು.

ಇದೇ ನಾರು ಹದಿನೆಂಟನೆಯ ಶತಮಾನದಲ್ಲಿ ರೀಗಾ ಮತ್ತು ಪೀಟರ್ಸ್‌ಬರ್ಗ್ ಬಂದರುಗಳಿಂದ ಹೊರಟು ಬ್ರಿಟನ್ನಿನ ನೌಕಾಬಲದ ಹಗ್ಗವಾಯಿತು. ಹಡಗಿನ ಹಗ್ಗಕ್ಕೆ ಪರನಾಡನ್ನೇ ನಂಬಿದ್ದ ಬ್ರಿಟನ್ನಿಗೆ 1807ರ ಟಿಲ್ಸಿಟ್ ಒಪ್ಪಂದದಿಂದ ರಷ್ಯಾ ನೆಪೋಲಿಯನ್ನನ ಪಕ್ಷ ಸೇರಿದಾಗ ದಿಗಿಲಾಯಿತು. ಅದಕ್ಕೆ ಮೊದಲೇ ಈಸ್ಟ್ ಇಂಡಿಯಾ ಕಂಪನಿ ಬದಲಿ ಮೂಲವನ್ನು ಭಾರತದಲ್ಲಿ ಹುಡುಕತೊಡಗಿತ್ತು. 1804ರಲ್ಲಿ ರಾಬರ್ಟ್ ವಿಸೆಟ್ ಲಂಡನ್ನಿನಲ್ಲಿ ಪ್ರಕಟಿಸಿದ ಗ್ರಂಥದ ಶೀರ್ಷಿಕೆಯಲ್ಲಿಯೇ ಹೆಂಪ್ ಒಂದು, ಭಾರತದಲ್ಲಿ ‘ಸನ್’ ಎನಿಸಿಕೊಳ್ಳುವ ವಸ್ತು ಇನ್ನೊಂದು ಎಂದು ಎರಡನ್ನೂ ಬಿಡಿಸಿ ಹೇಳಲಾಗಿದೆ. ಕಲ್ಕತ್ತೆಯ ಸಸ್ಯೋದ್ಯಾನದಲ್ಲಿ ವಿಲಿಯಂ ರಾಕ್ಸ್‌ಬರ್ಗ್ ನಾನಾ ನಾರುಗಿಡಗಳ ಪ್ರಯೋಗ ನಡೆಸಿದರು. ಕ್ರಿಮಿಯಾ ಯುದ್ಧ ರಷ್ಯಾದ ಸರಬರಾಜನ್ನು ಮತ್ತೆ ತಡೆದಾಗ, 1855ರಲ್ಲಿ, ಫೋರ್ಬ್ಸ್ ರಾಯ್ಲ್ ಭಾರತದ ನಾರುಗಿಡಗಳ ಮೇಲೆ ದೊಡ್ಡ ಪುಸ್ತಕವನ್ನೇ ಬರೆದರು. ಆದರೂ ರಷ್ಯಾದ ಜಾಗವನ್ನು ಭಾರತದ ಭಂಗಿ ತುಂಬಲಿಲ್ಲ. ಇಲ್ಲಿನ ಗಿಡದ ತೊಗಟೆ ತೆಳು, ಕಾಂಡ ಗಡುಸು. 1785ರಲ್ಲಿ ಫ್ರಾನ್ಸಿನ ಲಾಮಾರ್ಕ್, ಸೊನ್ನೆರಾ ಎಂಬ ಪ್ರವಾಸಿ ಭಾರತದಿಂದ ತಂದ ಮಾದರಿಗಳನ್ನು ನೋಡಿ, ಈ ಕಾರಣಕ್ಕೇ ಇದು ನಾರಿಗೆ ಒದಗದ ಬೇರೊಂದು ಪ್ರಭೇದವೆಂದು ‘ಇಂಡಿಕಾ’ ಎಂಬ ಹೆಸರಿಟ್ಟಿದ್ದನು. ಲಿನೀಯಸ್ 1753ರಲ್ಲಿ ‘ಸಟೈವಾ’ ಎಂದು ಹೆಸರಿಸಿದ್ದು ಯುರೋಪಿನ ಹೊಲದ ಗಿಡವನ್ನು. ಎರಡು ಪ್ರಭೇದವೋ ಒಂದೇ ಪ್ರಭೇದದ ಎರಡು ಮುಖವೋ ಎಂಬ ವಾದ ಅಲ್ಲಿಂದ ಇಲ್ಲಿಯವರೆಗೂ ಪೂರ್ತಿ ತಣಿದಿಲ್ಲ.

ಹಗಲಿನ ಅಳತೆಯ ಗುಟ್ಟು ಶಾಸ್ತ್ರಕ್ಕೆ ದಕ್ಕಿದ್ದು ಪ್ಯಾರಿಸಿನ ಒಂದು ಗಾಜಿನ ಮನೆಯಲ್ಲಿ. ಜೂಲಿಯನ್ ತುರ್ನ್ವಾ ಎಂಬ ಯುವಸಂಶೋಧಕನು ಭಂಗಿಯನ್ನೂ ಅದರ ಬಂಧುವಾದ ಹಾಪ್ಸ್ ಬಳ್ಳಿಯನ್ನೂ ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಬಿತ್ತಿದನು. ಬೆಚ್ಚಗಿನ ಆಸರೆಯಲ್ಲಿ ಮೊಳೆತ ಸಸಿಗಳು ಕೆಲವೇ ಎಲೆ ಬಿಟ್ಟು, ಗೇಣುದ್ದವೂ ಬೆಳೆಯದೆ ಹೂವಾದವು. ಬೆಚ್ಚಗಿದ್ದರೂ ಹೀಗಾಗಲು ಕಾರಣವೇನು? 1912ರಲ್ಲಿ ಪ್ರಕಟಿಸಿದ ಬರೆಹದಲ್ಲಿ ಅವನು ಬೆಳಕಿನ ಕೊರತೆಯತ್ತ ಬೊಟ್ಟು ಮಾಡಿದನು. 1914ರ ವೇಳೆಗೆ ಅವನ ವಿಚಾರ ಇನ್ನೂ ಸ್ಪಷ್ಟಗೊಂಡಿತ್ತು: ಹೂವಿಗೆ ಪ್ರೇರಣೆ ಹಗಲು ಕಿರಿದಾಗುವುದಕ್ಕಿಂತ ಇರುಳು ಹಿರಿದಾಗುವುದರಿಂದ ಬರುತ್ತದೆ. ಅಷ್ಟರಲ್ಲಿ ಮಹಾಯುದ್ಧ ಬಂದಿತು. ತುರ್ನ್ವಾ ಅದರಲ್ಲಿ ಮಡಿದನು. 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬಿಬ್ಬರು ಹೊಗೆಸೊಪ್ಪಿನ ಮೇಲಿನ ಪ್ರಯೋಗಗಳಿಂದ ಇದನ್ನು ನಿಸ್ಸಂದಿಗ್ಧವಾಗಿ ಸ್ಥಾಪಿಸಿ ‘ಫೋಟೋಪೀರಿಯಾಡಿಸಂ’ ಎಂಬ ಹೆಸರು ಕೊಟ್ಟರು. ಕೀರ್ತಿ ಅವರಿಗೆ ಸಂದಿತು. ಅದು ಅನ್ಯಾಯವೆಂದು ನಾವು ಹೇಳುವುದಿಲ್ಲ, ಅವರ ಕೆಲಸ ವಿಸ್ತಾರವಾದದ್ದು. ಆದರೆ ಸಸ್ಯಶಾಸ್ತ್ರದ ಒಂದು ಮೂಲತತ್ತ್ವ ಮೊದಲು ಹೊಳೆದದ್ದು ಭಂಗಿಯ ಗಿಡದ ಮುಂದೆ ಎಂಬುದು ದಾಖಲಾಗಬೇಕಾದ ಸಂಗತಿ.

ಇದರಿಂದ ಗಾಜಿನ ಮನೆಯ ಅರ್ಥವೇ ಬದಲಾಯಿತು. ಅದುವರೆಗೆ ಅದು ಚಳಿಯನ್ನು ತಡೆಯುವ ಮನೆಯಾಗಿತ್ತು. ಇನ್ನು ಅದು ಇರುಳನ್ನು ತಯಾರಿಸುವ ಮನೆಯೂ ಆಯಿತು. 1930ರ ದಶಕದಿಂದ ಅಮೆರಿಕದ ಸೇವಂತಿಗೆ ಬೆಳೆಗಾರರು ಹೊತ್ತು ಮುಳುಗುವ ಮುನ್ನವೇ ಕರಿಯ ಬಟ್ಟೆ ಹೊದಿಸಿ ಬೇಕಾದ ತಿಂಗಳಲ್ಲಿ ಹೂ ಅರಳಿಸತೊಡಗಿದರು. ಸೇವಂತಿಗೆಯೂ ಭಂಗಿಯಂತೆ ದೀರ್ಘರಾತ್ರಿಯನ್ನು ಕಾಯುವ ಗಿಡ. ಇಂದು ಉತ್ತರದೇಶಗಳಲ್ಲಿ ಪರವಾನಗಿ ಪಡೆದು ಭಂಗಿ ಬೆಳೆಯುವ ಗಾಜಿನ ಮನೆಗಳ ಕತ್ತಲೆಯ ಪರದೆ ಆ ಹೂವಾಡಿಗರ ಬಟ್ಟೆಯ ವಂಶದ್ದೇ.

ಬಯಲಿನ ಬೇಸಾಯಕ್ಕೆ ದಾರಿ ಸಿಕ್ಕಿದ್ದು ಬೇರೊಂದು ಕಡೆಯಿಂದ. 1924ರಲ್ಲಿ ವೋಲ್ಗಾ ತೀರದ ಸರಾತೊವ್ ನಗರದ ಯಾನಿಶೆವ್ಸ್ಕಿ ಎಂಬ ಸಸ್ಯಶಾಸ್ತ್ರಜ್ಞನು ರಸ್ತೆಯಂಚಿನಲ್ಲಿ, ಕಸದ ತಿಪ್ಪೆಗಳಲ್ಲಿ ತಾನಾಗಿ ಬೆಳೆಯುವ ಗಿಡ್ಡ ಭಂಗಿಯನ್ನು ವರ್ಣಿಸಿ ‘ರುಡೆರಾಲಿಸ್’ ಎಂದು ಹೆಸರಿಸಿದನು. ಕಸದ ಕುಪ್ಪೆಯದು ಎಂದೇ ಅದರ ಅರ್ಥ. ಈ ಬಗೆಯ ಕಳೆಗಿಡಗಳು ಹಗಲಿನ ಅಳತೆಯನ್ನು ಹೆಚ್ಚು ಲೆಕ್ಕಿಸದೆ ಮೊಳೆತ ಕೆಲವು ವಾರಗಳಲ್ಲೇ ಹೂಬಿಡಬಲ್ಲವು. ಅದೇ ಸರಾತೊವಿನಲ್ಲಿ ಕೆಲವು ವರ್ಷ ಪ್ರಾಧ್ಯಾಪಕರಾಗಿದ್ದ ನಿಕೊಲಾಯ್ ವಾವಿಲೊವ್ ಭಂಗಿಯನ್ನು ಮನುಷ್ಯನ ಬೀಡುಗಳ ಬೆನ್ನು ಹತ್ತಿ ಬಂದು ತಾನೇ ಬೆಳೆಯಾದ ಗಿಡಕ್ಕೆ ಉದಾಹರಣೆಯಾಗಿ ಕೊಟ್ಟಿದ್ದಾರೆ. ಆ ವಿದ್ವಾಂಸರು 1943ರಲ್ಲಿ ಸರಾತೊವಿನ ಸೆರೆಮನೆಯಲ್ಲಿಯೇ ತೀರಿಕೊಂಡರು. ಲೆನಿನ್‌ಗ್ರಾಡಿನಲ್ಲಿ ಅವರು ಕಟ್ಟಿದ ಬೀಜಭಂಡಾರವನ್ನು ಮುತ್ತಿಗೆಯ ಕಾಲದಲ್ಲಿ ಸಹೋದ್ಯೋಗಿಗಳು ಹಸಿವಿನಿಂದ ಸಾಯುತ್ತಲೂ ಕಾಪಾಡಿದ ಕಥೆ ಪ್ರಸಿದ್ಧವಾದುದು. ಐವತ್ತು ವರ್ಷಗಳ ನಂತರ, 1995ರಲ್ಲಿ, ಫಿನ್‌ಲೆಂಡಿನಲ್ಲಿ ಕ್ಯಾಲವೇ ಮತ್ತು ಅವರ ಸಂಗಡಿಗರು ಆ ಭಂಡಾರದಿಂದ ಬಂದ ಎರಡು ಉತ್ತರದ ಬೀಜಗಳಿಂದ ‘ಫಿನೋಲಾ’ ಎಂಬ ತಳಿಯನ್ನು ರೂಪಿಸಲು ತೊಡಗಿದರು. ಸುಮಾರು ಒಂದೂವರೆ ಮೀಟರ್ ಎತ್ತರ, ನೂರು ನೂರಿಪ್ಪತ್ತು ದಿನಗಳ ಬೆಳೆ, ಎಣ್ಣೆಬೀಜಕ್ಕೆಂದೇ ಮಾಡಿದ್ದು, ಅಮಲಿನ ಅಂಶ ತೀರ ಕಡಮೆ. ಅದು ಮುಂದೆ ಕೆನಡಾದ ಬಯಲುಗಳಲ್ಲಿಯೂ ನೆಲೆಯೂರಿತು.

ಕೆನಡಾದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ನಮ್ಮ ದೇಶದ ಕಾನೂನಿಗೂ ಅದು ಬಂದು ತಾಗುತ್ತದೆ. 1923ರಲ್ಲಿ ಅಲ್ಲಿ ಈ ವಸ್ತು ನಿಷೇಧದ ಪಟ್ಟಿಗೆ ಸೇರಿತು. 1938ರಲ್ಲಿ ಬೇಸಾಯವೂ ನಿಂತಿತು. 1970ರ ದಶಕದ ಆರಂಭದಲ್ಲಿ ಒಟ್ಟಾವಾದ ಸರ್ಕಾರಿ ಸಸ್ಯಶಾಸ್ತ್ರಜ್ಞ ಅರ್ನೆಸ್ಟ್ ಸ್ಮಾಲ್ ಅವರು ಲೋಕದ ನಾನಾ ಕಡೆಗಳಿಂದ ತರಿಸಿದ 350 ಬೀಜಮಾದರಿಗಳನ್ನು ಅಲ್ಲಿ ಬೆಳೆಸಿ, ಎಲೆಗಳಲ್ಲಿನ ಅಮಲಿನ ದ್ರವ್ಯವಾದ ಟಿಎಚ್‌ಸಿಯನ್ನು ಅಳೆದರು. ಉತ್ತರದ ಮಾದರಿಗಳಲ್ಲಿ ಅದು ಸಾಮಾನ್ಯವಾಗಿ ಕಡಮೆ, ದಕ್ಷಿಣದವುಗಳಲ್ಲಿ ಹೆಚ್ಚು. 1976ರಲ್ಲಿ ಸ್ಮಾಲ್ ಮತ್ತು ಕ್ರಾಂಕ್ವಿಸ್ಟ್ ಈ ಗಿಡವೆಲ್ಲ ಒಂದೇ ಪ್ರಭೇದವೆಂದು ವಾದಿಸಿ, ಒಳವಿಂಗಡಣೆಯ ಅನುಕೂಲಕ್ಕಾಗಿ ಒಣತೂಕದ ನೂರಕ್ಕೆ 0.3 ಎಂಬ ಗೆರೆ ಎಳೆದರು. ಅದು ವರ್ಗೀಕರಣಕ್ಕಾಗಿ ಹಾಕಿಕೊಂಡ ಗೆರೆ. ಸ್ವತಃ ಸ್ಮಾಲ್ ಅವರೇ ಅದರ ಯಾದೃಚ್ಛಿಕತೆಯನ್ನು ಒಪ್ಪಿದ್ದಾರೆ. ಆದರೆ ಗೆರೆ ಗ್ರಂಥದಲ್ಲಿ ಉಳಿಯಲಿಲ್ಲ. 1998ರಲ್ಲಿ ಕೆನಡಾ ನಾರು-ಬೀಜಗಳ ಬೇಸಾಯಕ್ಕೆ ಮತ್ತೆ ಅವಕಾಶ ಕೊಟ್ಟಾಗ ಅದೇ 0.3 ಕಾನೂನಾಯಿತು. 2018ರಲ್ಲಿ ಅಮೆರಿಕ ಅದನ್ನೇ ಸ್ವೀಕರಿಸಿತು. ಯುರೋಪಿನ ಒಕ್ಕೂಟ ಕೆಲಕಾಲ 0.2ಕ್ಕೆ ಇಳಿಸಿ 2023ರಿಂದ ಪುನಃ 0.3ಕ್ಕೆ ಬಂದಿದೆ.

2018ರ ಅಕ್ಟೋಬರಿನಲ್ಲಿ ಕೆನಡಾ ಅಮಲಿನ ಭಂಗಿಯನ್ನೂ ಕಾನೂನುಬದ್ಧಗೊಳಿಸಿತು. ಆಗ ಗಾಜಿನ ಮನೆಗಳಿಗೆ ಹುಚ್ಚುಹೊಳೆ ಬಂದಂತಾಯಿತು. ಒಂಟಾರಿಯೊದ ದಕ್ಷಿಣತುದಿಯ ಲೆಮಿಂಗ್ಟನ್ ಟೊಮೇಟೊ, ದೊಣ್ಣೆಮೆಣಸುಗಳ ಗಾಜಿನ ಮನೆಗಳಿಗೆ ಹೆಸರಾದ ಊರು. ಆಫ್ರಿಯಾ ಎಂಬ ದೊಡ್ಡ ಭಂಗಿ ಕಂಪನಿ ಹುಟ್ಟಿದ್ದು ಅಲ್ಲಿನ ಬೆಳೆಗಾರ ಮನೆತನಗಳಿಂದ. ಆದರೆ ಉತ್ತರದಲ್ಲಿ ಚಳಿಗಾಲವಿಡೀ ಗಾಜಿನ ಮನೆಯನ್ನು ಬೆಚ್ಚಗಿಡುವ ಖರ್ಚು ಸಣ್ಣದಲ್ಲ, ಬೇಡಿಕೆಯ ಅಂದಾಜೂ ತಲೆಕೆಳಗಾಯಿತು. 2020ರ ಮಾರ್ಚಿನಲ್ಲಿ ಕ್ಯಾನೊಪಿ ಗ್ರೋತ್ ಎಂಬ ಕಂಪನಿ ಬ್ರಿಟಿಷ್ ಕೊಲಂಬಿಯಾದ ತನ್ನ ಎರಡು ಗಾಜಿನ ಮನೆಗಳನ್ನು, ಒಟ್ಟು 30 ಲಕ್ಷ ಚದರ ಅಡಿಗಳಷ್ಟನ್ನು, ಮುಚ್ಚಿತು. ಸುಮಾರು 500 ಜನ ಕೆಲಸ ಕಳೆದುಕೊಂಡರು. ಇತ್ತ ಕೇಂದ್ರದ ಕಾನೂನು ಒಂದು ಮನೆಗೆ ನಾಲ್ಕು ಗಿಡಗಳಿಗೆ ಅವಕಾಶ ಕೊಟ್ಟಿದೆ. ಕ್ವಿಬೆಕ್ ಪ್ರಾಂತ ಅದನ್ನೂ ನಿಷೇಧಿಸಿತು. 2023ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ನಿಷೇಧವನ್ನು ಎತ್ತಿಹಿಡಿಯಿತು. ಮನೆಯಂಗಳದ ಬೆಳೆಗಾರನಿಗೆ ಕತ್ತಲೆಯ ಪರದೆಯ ವೈಭವವಿಲ್ಲ. ಅಂಥವರಿಗೆ ಒದಗಿದ್ದು ಯಾನಿಶೆವ್ಸ್ಕಿಯ ಕಸದ ಕುಪ್ಪೆಯ ಗಿಡ: ಅದರ ಗುಣವನ್ನು ದಕ್ಷಿಣದ ಅಮಲಿನ ತಳಿಗಳಿಗೆ ಬೆರಸಿ, ಇರುಳನ್ನು ಕಾಯದೆ ಹೂಬಿಡುವ ಗಿಡ್ಡ ತಳಿಗಳನ್ನು 2000ದ ನಂತರ ಮಾರಾಟಕ್ಕೆ ತರಲಾಗಿದೆ. ಮುನ್ನೂರು ವರ್ಷ ಹಗ್ಗವಾಗಿದ್ದ ಉತ್ತರದ ಭಂಗಿಗೂ ಅಮಲಾಗಿದ್ದ ದಕ್ಷಿಣದ ಭಂಗಿಗೂ ಹೀಗೆ ಮರುನಂಟು ಕುದುರಿತು.

ಈಗ ನಮ್ಮ ಕಡೆಯ ಕಾಗದಪತ್ರಗಳಿಗೆ ಮರಳಬಹುದು. 1893-94ರ ಭಾರತೀಯ ಹೆಂಪ್ ಮಾದಕವಸ್ತು ಆಯೋಗವು ವಿಚಾರಿಸಿದ್ದು ಗಾಂಜಾ, ಭಂಗಿ, ಚರಸ್‌ಗಳನ್ನು. ಬಂಗಾಳದ ನೌಗಾಂವ್, ಮಧ್ಯಪ್ರಾಂತದ ಖಾಂಡ್ವಾ, ಮುಂಬಯಿ ಪ್ರಾಂತದ ಅಹಮದ್‌ನಗರಗಳು ಅಂದಿನ ಗಾಂಜಾ ಬೇಸಾಯದ ಮುಖ್ಯ ಕೇಂದ್ರಗಳು. ನೌಗಾಂವಿನ ಬೇಸಾಯದ ಪಂಚಾಂಗವನ್ನು ರಷ್ಯಾದ್ದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಮೇ ತಿಂಗಳಲ್ಲಿ ಬಿತ್ತಿ ಆಗಸ್ಟ್-ಸೆಪ್ಟೆಂಬರಿನಲ್ಲಿ ಕೀಳುತ್ತಿದ್ದರೆ, ಇಲ್ಲಿ ಆಗಸ್ಟಿನಲ್ಲಿ ಒಟ್ಟಲು ಹಾಕಿ, ಸೆಪ್ಟೆಂಬರಿನಲ್ಲಿ ಸಸಿ ಕಿತ್ತು ನೆಟ್ಟು, ಮಾಘದ ಹೊತ್ತಿಗೆ ಕೊಯ್ಯುತ್ತಿದ್ದರು. ಉತ್ತರದವನು ಹಿಮಕ್ಕೆ ಹೆದರಿ ಓಡುವ ಕಾಲದಲ್ಲಿ ಇಲ್ಲಿಯವನು ನೆಡುತ್ತಿದ್ದನು. ಚಳಿಗಾಲದ ದೀರ್ಘರಾತ್ರಿಗಳು ಅವನಿಗೆ ಪುಕ್ಕಟೆಯಾಗಿ ಹೂವು ಕೊಡುತ್ತಿದ್ದವು. ಗಂಡುಗಿಡಗಳನ್ನು ಗುರುತಿಸಿ ಕಿತ್ತೆಸೆಯಲು ‘ಪೋದ್ದಾರ’ರೆಂಬ ಅನುಭವಿಗಳನ್ನು ಕೂಲಿಗೆ ಕರೆಯುತ್ತಿದ್ದರು. ರಷ್ಯಾದಲ್ಲಿ ಗಂಡನ್ನು ಕಿತ್ತದ್ದು ಅದರ ನಾರಿಗಾಗಿ. ಇಲ್ಲಿ ಕಿತ್ತದ್ದು ಹೆಣ್ಣು ಬೀಜ ಕಟ್ಟದಿರಲೆಂದು.

ತಿಂಗಳಿನ ಈ ಭೇದ ನಮ್ಮಂಥ ಪಠ್ಯಶೋಧಕರಿಗೆ ಒಳ್ಳೆಯ ಒರೆಗಲ್ಲು. ಮುಂಬಯಿ, ಮದರಾಸು ಪ್ರಾಂತಗಳ ದಾಖಲೆಗಳಲ್ಲಿ ‘ಹೆಂಪ್’ ಎಂದು ಕಂಡರೆ ಅದು ಮೂರು ಗಿಡಗಳಲ್ಲಿ ಯಾವುದೂ ಆಗಿರಬಹುದು. ಮೊದಲನೆಯದು ಭಂಗಿ. ಎರಡನೆಯದು ಸೆಣಬು, ಪುಣೆಯ ಓದುಗರು ಕೇಳಿರಬಹುದಾದ ‘ತಾಗ್’, ಚೆನ್ನೈಯವರ ‘ಸಣಪ್ಪೈ’, ಹೈದರಾಬಾದಿನವರ ‘ಜನುಮು’ ಇದೇ. ಮೂರನೆಯದು ನಮ್ಮ ಉತ್ತರ ಕರ್ನಾಟಕದ ಪುಂಡಿ, ಮರಾಠಿಯ ‘ಅಂಬಾಡಿ’. ಇದನ್ನು ಇಂಗ್ಲಿಷರು ಡೆಕ್ಕನ್ ಹೆಂಪ್, ಬಾಂಬೆ ಹೆಂಪ್ ಎಂದೆಲ್ಲ ಕರೆದರು. ಎಲೆಗಳು ಭಂಗಿಯ ಎಲೆಯನ್ನು ಹೋಲುವುದರಿಂದ ಲಿನೀಯಸ್ ಕೊಟ್ಟ ಶಾಸ್ತ್ರೀಯ ನಾಮದಲ್ಲಿಯೇ ಭಂಗಿಯ ನೆನಪಿದೆ. ರೊಟ್ಟಿಯ ಜೊತೆಗೆ ಪುಂಡಿಪಲ್ಯ ಉಂಡವರು ಮುಂಬಯಿ ಪ್ರಾಂತದ ಹಳೆಯ ವರದಿಯಲ್ಲಿ ತಮ್ಮ ಜಿಲ್ಲೆ ‘ಹೆಂಪ್’ ಬೆಳೆಯುವ ಜಿಲ್ಲೆಯೆಂದು ಓದಿ ಗಾಬರಿಯಾಗಬೇಕಿಲ್ಲ. ಇವೆಲ್ಲ ಸಾಲದೆಂಬಂತೆ ಈಚಿನ ಕನ್ನಡ ಪತ್ರಿಕೆಗಳಲ್ಲಿ ‘ಸೆಣಬು’ ಎಂದರೆ ಬಂಗಾಳದ ಚಣಬಾದ ಜೂಟ್ ಕೂಡ ಆಗಿದೆ. ದಾಖಲೆಯಲ್ಲಿ ಮುಂಗಾರಿಗೆ ಬಿತ್ತಿ ಶರತ್ಕಾಲದಲ್ಲಿ ಕೊಯ್ದ ನಾರುಬೆಳೆಯ ವಿವರವಿದ್ದರೆ ಅದು ಬಹುಮಟ್ಟಿಗೆ ಸೆಣಬು ಅಥವಾ ಪುಂಡಿ. ಆಗಸ್ಟಿನ ಒಟ್ಟಲು, ಮಾಘದ ಕೊಯ್ಲು, ಅಬಕಾರಿ ಇಲಾಖೆಯ ಮೊಹರು ಕಂಡರೆ ಅದು ಭಂಗಿಯೇ. ಹೆಸರು ಸುಳ್ಳು ಹೇಳಬಹುದು; ಬಿತ್ತನೆಯ ತಿಂಗಳು ಅಷ್ಟು ಸುಲಭವಾಗಿ ಹೇಳಲಾರದು.

ಸಂಖ್ಯೆಯ ವಿಷಯವೂ ಇದೆ. 1985ರ ಮಾದಕವಸ್ತು ಕಾಯಿದೆ ಗಾಂಜಾ ಬೇಸಾಯವನ್ನು ನಿಷೇಧಿಸಿದರೂ ನಾರು ಮತ್ತು ಬೀಜಗಳಿಗಾಗಿ ಸರ್ಕಾರ ಅನುಮತಿ ಕೊಡಲು ಅದರ 14ನೆಯ ಕಲಮಿನಲ್ಲಿ ಎಡೆಯಿದೆ. ಅದರ ಆಧಾರದ ಮೇಲೆ 2010ರ ದಶಕದ ಕೊನೆಯಲ್ಲಿ ಉತ್ತರಾಖಂಡ ಪರವಾನಗಿ ಕೊಡತೊಡಗಿದಾಗ ಮಿತಿಯಾಗಿ ಇಟ್ಟುಕೊಂಡದ್ದು ಅದೇ ನೂರಕ್ಕೆ 0.3. ಒಟ್ಟಾವಾದ 45ನೆಯ ಅಕ್ಷಾಂಶದಲ್ಲಿ ವರ್ಗೀಕರಣದ ಅನುಕೂಲಕ್ಕೆ ಎಳೆದ ಗೆರೆ ಹೀಗೆ 30ನೆಯ ಅಕ್ಷಾಂಶದ ಗುಡ್ಡಗಾಡಿಗೆ ಬಂದಿದೆ. ಅಲ್ಲಿನ ಜನ ತಲೆತಲಾಂತರದಿಂದ ಈ ಗಿಡದ ನಾರಿನಿಂದ ಹಗ್ಗ ಹೊಸೆದವರು, ಬೀಜವನ್ನು ಚಟ್ನಿ ಅರೆದು ಉಂಡವರು. ಆದರೆ ಅವರ ಹಿತ್ತಲಿನ ಗಿಡ ಹಲವೆಡೆ ಈ ಗೆರೆಯನ್ನು ದಾಟಿಬಿಡುತ್ತದೆ. ಪರವಾನಗಿಯ ಬೇಸಾಯಕ್ಕೆ ಹೊರಗಿನಿಂದ ಬೀಜ ತರಿಸುವ ಮಾತು ಬರುವುದು ಆಗಲೇ. ಹಾಗೆ ಬರುವ ಉತ್ತರದ ಬೀಜ ಅಲ್ಲಿನ ಕಿರಿಯ ಹಗಲಿನಲ್ಲಿ, ತುರ್ನ್ವಾನ ಗಾಜಿನ ಮನೆಯ ಸಸಿಗಳಂತೆ, ಮೊಣಕಾಲೆತ್ತರದಲ್ಲೇ ಹೂಬಿಟ್ಟು ನಿಲ್ಲುವ ಸಂಭವವುಂಟು.